ಮೂರನೆಯ ಸೌಟು ಬೆನ್ನು ತಿರುಗಿಸಿದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಕಾರುಗಳ ಕುರಿತ ಲೇಖನದ ನಡುವೆ ಹಸಿರು ಬಣ್ಣದ ಎಂಜಿನ್ನೊಂದರ ದೊಡ್ಡ ಚಿತ್ರವಿದೆ. ಕೆಳಗೆ ‘ಮರುಜೀವ ಪಡೆದ ವಿಂಟೇಜ್ ಎಂಜಿನ್, ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕಿದ್ದೀರಿ. ಆ ಅಂತರ್ಜಾಲ ನಾನೇ.

ಕೇಳದೆ ಹಾಕಿದಿರಿ ಎಂದು ಜಗಳಕ್ಕೆ ಬಂದಿಲ್ಲ. ಹೆಸರು ಹಾಕಲಿಲ್ಲವೆಂಬ ಬೇಸರವೂ ಇಲ್ಲ. 31 ವರ್ಷ ನಾನು ಎಳೆದ ಗೆರೆಗಳ ಮೂಲೆಯಲ್ಲಿ ನನ್ನದೆಂದು ಇರುತ್ತಿದ್ದದ್ದು ಎರಡಕ್ಷರದ ಇನಿಷಿಯಲ್ ಮಾತ್ರ, ಅದು ಅಭ್ಯಾಸವಾಗಿದೆ. ನನ್ನ ತಕರಾರು ಬೇರೆ. ಆ ಚಿತ್ರದಲ್ಲಿ ತಪ್ಪಿದೆ. ಎಂಜಿನ್ ನಮ್ಮದು, ಫೋಟೋ ನಾನೇ ತೆಗೆದದ್ದು, ತಪ್ಪೂ ನಮ್ಮ ಮನೆಯದೇ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಕೆಳಗೆ ತಿರುಗುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡುಗಳಲ್ಲಿ ಮೂರನೆಯದು ಅದರಲ್ಲಿ ತಿರುಗುಮುರುಗಾಗಿ ಕೂತಿದೆ. ಹಾಗೇ ಜೋಡಿಸಿ ಓಡಿಸಿದರೆ ಬೇರಿಂಗು ಸುಟ್ಟುಹೋಗುತ್ತದೆ. ಇದನ್ನು ನಾನು ಚಿತ್ರದ ಕೆಳಗೇ ಬರೆದಿದ್ದೆ. ಚಿತ್ರ ನಿಮ್ಮಲ್ಲಿಗೆ ಬಂತು, ಬರಹ ದಾರಿಯಲ್ಲೇ ಉದುರಿಹೋಯಿತು. ಸಾಲದ್ದಕ್ಕೆ ನಿಮ್ಮಲ್ಲಿ ಯಾರೋ ಚಿತ್ರವನ್ನು ತಲೆಕೆಳಗು ಮಾಡಿ ಅಚ್ಚು ಹಾಕಿದ್ದಾರೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರ ಉದ್ದವಾಗುತ್ತದೆ. ಜಾಗವಿಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ರಾಡಿನ ವಿಷಯ ಮಾತ್ರ ಉಳಿಸಿ.

ನಾನು ಟ್ರೇಸರ್ ಆಗಿ, ಅಂದರೆ ಯಂತ್ರಭಾಗಗಳ ಡ್ರಾಯಿಂಗುಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ನಕಲು ಎಳೆಯುವವಳಾಗಿ, ಕೆಲಸಕ್ಕೆ ಸೇರಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತಳಾದವಳು. ಹೆಂಗಸರಿಗೆ ಬೇರೆ ಹುದ್ದೆಯ ಹೆಸರಿರಲಿಲ್ಲ, ಹಾಗಾಗಿ ದಾಖಲೆಯಲ್ಲಿ ಕೊನೆಯವರೆಗೂ ನಾನು ‘ಮನ್’. ಕಾರು ನಮ್ಮ ಮಾವನವರದು. ಅವರ ನಂತರ ಯಜಮಾನರು ಅದನ್ನು ವರ್ಷಕ್ಕೊಮ್ಮೆ ಒರೆಸಿ ಮತ್ತೆ ಹೊದಿಕೆ ಹೊದಿಸುತ್ತಿದ್ದರು, ಅಷ್ಟೇ. ಅವರೂ ಹೋದ ಮೇಲೆ ಹೊದಿಕೆ ತೆಗೆದು ನೋಡಿದರೆ ಕಾರ್ಬುರೇಟರು ಗಾಳಿ ಎಳೆದುಕೊಳ್ಳುವ ಏರ್ ಹಾರ್ನಿನ ಬಾಯಲ್ಲಿ ಇಲಿ ಗೂಡು ಕಟ್ಟಿತ್ತು. ಗೂಡಿನಲ್ಲಿ ನನ್ನ ಹಳೆಯ ಟ್ರೇಸಿಂಗ್ ಬಟ್ಟೆಯ ಚೂರುಗಳು! ಅದನ್ನು ನೋಡಿ ಸಿಟ್ಟು ಬಂತೋ ನಗು ಬಂತೋ ಈಗ ನೆನಪಿಲ್ಲ. ಎಂಜಿನ್ ಇಳಿಸೋಣ ಅಂತ ತಮ್ಮನ ಮಗನಿಗೆ ಹೇಳಿದ್ದು ಮಾತ್ರ ಅವತ್ತೇ.

1930ರ ಫೋರ್ಡ್ ಮಾಡೆಲ್ ಎ. ಮಾಡೆಲ್ ಟಿ ನಿಂತ ಮೇಲೆ 1927ರ ಡಿಸೆಂಬರಿನಲ್ಲಿ ಹೆನ್ರಿ ಫೋರ್ಡ್ ಹೊರತಂದ ಕಾರು. ನಾಲ್ಕೇ ವರ್ಷಗಳಲ್ಲಿ 48 ಲಕ್ಷಕ್ಕೂ ಹೆಚ್ಚು ಮಾಡಿದರು, ಆದ್ದರಿಂದ ಇದೇನೂ ರಾಜರ ಮನೆಯ ಒಡವೆಯಲ್ಲ. ಇಂಗ್ಲೆಂಡಿನ ಹಳೆಗಾರು ಪ್ರಿಯರ ಲೆಕ್ಕದಲ್ಲಿ 1919ರಿಂದ 1930ರವರೆಗಿನದು ವಿಂಟೇಜ್. ನಮ್ಮದು ಕೊನೆಯ ಬಸ್ಸು ಹಿಡಿದ ಹಾಗೆ ಒಳಗೆ ನುಗ್ಗಿದೆ, ನೀವು ಬರೆದ ಆ ಪದವೊಂದು ಸರಿ. ನಾಲ್ಕು ಸಿಲಿಂಡರು, 201 ಘನ ಅಂಗುಲ, ಅಂದರೆ ಸುಮಾರು 3.3 ಲೀಟರು. ಅಷ್ಟು ದೊಡ್ಡ ಹೊಟ್ಟೆಯಿಂದ ಹೊರಡುವುದು ನಿಮಿಷಕ್ಕೆ 2200 ಸುತ್ತಿನಲ್ಲಿ 40 ಅಶ್ವಶಕ್ತಿ. ಈಗಿನ ಒಂದು ಲೀಟರಿನ ಪುಟ್ಟ ಎಂಜಿನ್ನೂ ಇದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ಬಿಚ್ಚಿ ನೋಡಲು ಇದರಷ್ಟು ಸಜ್ಜನ ಎಂಜಿನ್ ಇನ್ನೊಂದಿಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲದಕ್ಕೂ ಕೈ ಎಟುಕುತ್ತದೆ.

ಈಗ ರಾಡಿನ ವಿಷಯ. ಇದರಲ್ಲಿ ಎಣ್ಣೆ ಪಂಪು ಇದೆ. ಅದು ತಳದಿಂದ ಎಣ್ಣೆಯನ್ನು ವಾಲ್ವ್ ಚೇಂಬರಿಗೆ ಏರಿಸುತ್ತದೆ, ಅಲ್ಲಿಂದ ಎಣ್ಣೆ ತನ್ನ ಭಾರಕ್ಕೇ ಇಳಿದು ಕ್ರ್ಯಾಂಕಿನ ಮೂರು ಮೇನ್ ಬೇರಿಂಗುಗಳಿಗೆ ಹೋಗುತ್ತದೆ. ರಾಡುಗಳ ಬೇರಿಂಗಿಗೆ ಮಾತ್ರ ಪಂಪಿನಿಂದ ನೇರ ದಾರಿಯಿಲ್ಲ. ತಳದ ಚೇಂಬರಿನೊಳಗೆ ಒಂದು ತಟ್ಟೆ, ತಟ್ಟೆಯಲ್ಲಿ ನಾಲ್ಕು ತೊಟ್ಟಿ. ಪ್ರತಿ ರಾಡಿನ ಕೆಳಗಿನ ಕ್ಯಾಪಿಗೆ ಒಂದು ಪುಟ್ಟ ಬಾಯಿ. ಪುಸ್ತಕದಲ್ಲಿ ಅದನ್ನು ಡಿಪ್ಪರ್ ಅಂತಾರೆ. ಆ ಪದ ಕೇಳಿದರೆ ನಮ್ಮವರಿಗೆ ಹೆಡ್‌ಲೈಟ್ ನೆನಪಾಗುತ್ತದೆ, ಹಾಗಾಗಿ ಎಂಜಿನ್ ಕೆಲಸದ ನಮ್ಮ ಮೇಸ್ತ್ರಿ ಅದನ್ನು ಸೌಟು ಅಂತಲೇ ಕರೆಯುವುದು. ಕ್ರ್ಯಾಂಕು ತಿರುಗಿದಂತೆ ಸೌಟು ತೊಟ್ಟಿಯಲ್ಲಿ ಮುಳುಗಿ ಎಣ್ಣೆ ಬಾಚಿಕೊಳ್ಳುತ್ತದೆ, ಅದರ ಹಿಂದಿರುವ ತೂತಿನ ಮೂಲಕ ಎಣ್ಣೆ ಬೇರಿಂಗಿಗೆ ನುಗ್ಗುತ್ತದೆ. 2200 ಸುತ್ತಿನಲ್ಲಿ ಸೆಕೆಂಡಿಗೆ 36ಕ್ಕೂ ಹೆಚ್ಚು ಸಲ ಈ ಬಡಿಸುವ ಕೆಲಸ ನಡೆಯಬೇಕು.

ಸೌಟಿನ ಬಾಯಿ ಚಲಿಸುವ ದಿಕ್ಕಿಗೆ ಇರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಈ ಎಂಜಿನ್ನಿನಲ್ಲಿ ಅದು ವಾಲ್ವುಗಳನ್ನು ಎತ್ತುವ ದಂಡ, ಕ್ಯಾಮ್‌ಶಾಫ್ಟ್, ಇರುವ ಕಡೆ. ಸೌಟನ್ನು ಬೋರಲು ಹಾಕಿ ಸಾರು ಬಡಿಸಲು ಹೋದರೆ ಏನಾಗುತ್ತದೋ ತಿರುಗಿ ಕೂತ ರಾಡಿನಲ್ಲಿ ಅದೇ ಆಗುತ್ತದೆ. ಎಣ್ಣೆ ನಾಲ್ಕು ಕಡೆ ಸಿಡಿಯುತ್ತದೆ, ತೂತಿಗೆ ಮಾತ್ರ ಹೋಗುವುದಿಲ್ಲ. ಒಳಗಿರುವುದು ಈಗಿನಂತೆ ಕೊಂಡು ಕೂರಿಸುವ ಬೇರಿಂಗ್ ಚಿಪ್ಪಲ್ಲ, ಕರಗಿಸಿ ಎರಕ ಹೊಯ್ದ ಬ್ಯಾಬಿಟ್. ತವರ ಹೆಚ್ಚು, ಜೊತೆಗೆ ಆಂಟಿಮನಿ ಮತ್ತು ತಾಮ್ರ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬಾತ ಕಂಡುಹಿಡಿದ ಮೆತ್ತನೆಯ ಲೋಹ. ಉಗುರಿನಿಂದ ಗೀರಿದರೆ ಗುರುತು ಬೀಳುತ್ತೇನೋ ಅನ್ನಿಸುವಷ್ಟು ಮೆತ್ತಗೆ. ಎಣ್ಣೆಯ ಪದರದ ಮೇಲೆ ತೇಲುತ್ತಿರುವವರೆಗೆ ಅದು ಬಹಳ ಕಾಲ ಬಾಳುತ್ತದೆ. ಎಣ್ಣೆ ತಪ್ಪಿದರೆ ಕಾದು, ಮೆತ್ತಗಾಗಿ, ಹರಿದುಹೋಗುತ್ತದೆ. ಆಮೇಲೆ ಎಂಜಿನ್ ಬಾಗಿಲು ಬಡಿದ ಹಾಗೆ ಬಡಿಯಲು ಶುರು.

ಇಷ್ಟು ಗೊತ್ತಿದ್ದೂ ತಪ್ಪು ಆದದ್ದು ಹೇಗೆ ಅಂತ ಕೇಳುತ್ತೀರಿ. ಮಾಮೂಲಿನಂತೆಯೇ ಆಯಿತು.

ಬಿಚ್ಚುವಾಗ ನಾವು ಬಹಳ ಶಿಸ್ತಿನಲ್ಲಿದ್ದೆವು. ಒಂದು ನಟ್ಟು ಸಡಿಲಿಸುವ ಮೊದಲು ಒಂದು ಫೋಟೋ, ತೆಗೆದ ಮೇಲೆ ಇನ್ನೊಂದು. ಪ್ರತಿ ಭಾಗಕ್ಕೂ ದಾರ ಕಟ್ಟಿದ ಚೀಟಿ, ಚೀಟಿಯ ಮೇಲೆ ನನ್ನ ಅಕ್ಷರದಲ್ಲಿ ನಂಬರು. ಅಕ್ಷರ ಮಾತ್ರ ಈಗಲೂ ಟೆಂಪ್ಲೇಟ್ ಇಟ್ಟು ಬರೆದ ಹಾಗೆ ಬರುತ್ತದೆ. ಮಸಿ, ಜಿಡ್ಡು, ತುಕ್ಕು ತುಂಬಿದ ಆ 400ಕ್ಕೂ ಹೆಚ್ಚು ಫೋಟೋಗಳು ನೋಡಲು ಚೆಂದವಿಲ್ಲ. ಅವನ್ನು ಜಾಲತಾಣಕ್ಕೆ ಹಾಕಿದಾಗ ಇಣುಕಿದವರೂ ಕಡಿಮೆ. ಆದರೆ ಕಾರ್ಬುರೇಟರಿನ ಲಿಂಕು ಮೇಲಿಂದ ಬರುತ್ತದೋ ಕೆಳಗಿಂದಲೋ, ಯಾವ ವಾಷರು ಯಾವುದರ ಅಡಿಗೆ ಅಂತ ಎಂಟು ತಿಂಗಳ ಮೇಲೆ ಅನುಮಾನ ಬಂದಾಗ ಉತ್ತರ ಕೊಟ್ಟದ್ದು ಅವೇ ಕೊಳಕು ಫೋಟೋಗಳು. ಎಲ್ಲೋ ಇನ್ನೊಂದು ಮಾಡೆಲ್ ಎ ಬಿಚ್ಚಿ ಹರವಿಕೊಂಡು ಕೂತವರು ನನಗೆ ಬರೆದು ಕೇಳುವುದೂ ಅವುಗಳ ಬಗ್ಗೆಯೇ. ಮಿರುಗುವ ಎಂಜಿನ್ನಿನ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ‘ಸೂಪರ್’ ಅಂತಾರೆ, ಹೋಗ್ತಾರೆ. ‘ನಿಮ್ಮ ಯಜಮಾನರ ಕೆಲಸ ಅದ್ಭುತ’ ಅಂದವರು ಮೂವರು. ಅವರು ಇದ್ದಿದ್ದರೆ ಅವರಿಗೂ ನಗು ಬರುತ್ತಿತ್ತು.

ಒಂದು ಕೊಳಕು ಫೋಟೋದ ಬಗ್ಗೆ ಹೇಳಲೇಬೇಕು. ಎಂಜಿನ್ನಿನ ಮೈಯಾದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬ್ರಷ್ಷು ಹೊಡೆದು, ಬರೀ ಬೀಡುಕಬ್ಬಿಣದ ಬೂದು ಬಣ್ಣಕ್ಕೆ ತಂದಿಟ್ಟಿದ್ದೆವು. ಕಣ್ಣಿಗೆ ಏನೂ ದೋಷ ಕಾಣಲಿಲ್ಲ. ‘ಅಮ್ಮಾ, ಕಣ್ಣು ನಂಬಬೇಡಿ’ ಅಂದ ಮೇಸ್ತ್ರಿ ಕೆಂಪು ಡೈ ಸಿಂಪಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದ. ನೋಡುತ್ತಿದ್ದಂತೆಯೇ ಬಿಳುಪಿನ ಮೇಲೆ, ಎರಡನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರಿನ ಅಂಚಿನವರೆಗೆ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಗೆರೆ ತಾನಾಗಿ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಬಣ್ಣವನ್ನು ಪುಡಿ ಹೊರಕ್ಕೆ ಹೀರಿದ್ದು. ನನಗೆ ಎದೆ ಧಸಕ್ಕೆಂದಿತು. ಎಂಜಿನ್ ಹೋಯಿತು ಅಂತಲ್ಲ. ಆ ಗೆರೆ ಥೇಟ್ ಆಫೀಸಿನಲ್ಲಿ ನಮ್ಮ ತಪ್ಪು ಹುಡುಕುತ್ತಿದ್ದ ಚೆಕ್ಕರ್ ಕೈಯ ಕೆಂಪು ಪೆನ್ಸಿಲಿನ ಗೆರೆ. ನಾವು ವಾರಗಟ್ಟಲೆ ಕೂತು ಎಳೆದ ಡ್ರಾಯಿಂಗಿನ ಮೇಲೆ ಆತ ತಣ್ಣಗೆ ಎಳೆಯುತ್ತಿದ್ದದ್ದು ಅಂಥದ್ದೇ.

ಈ ಜಾತಿಯ ಬ್ಲಾಕುಗಳಲ್ಲಿ ಅದೇ ಜಾಗದಲ್ಲಿ ಬಿರುಕು ಬರುವುದು ಹೊಸತಲ್ಲವಂತೆ. ಬೆಸುಗೆ ಹಾಕದೆ, ಬಿರುಕಿನ ಉದ್ದಕ್ಕೂ ಒಂದರ ಮೈಮೇಲೆ ಒಂದು ಬರುವಂತೆ ತೂತು ಕೊರೆದು, ತೂತಿಗೆ ತಿರುಪಿನ ಮರೆ ಹಾಕಿ, ಪಿನ್ನು ಕೂರಿಸಿ ಹೊಲಿದರು. ಹೊಲಿಗೆ ಅಂತಲೇ ಅನ್ನುವುದು. ಮಟ್ಟ ಮಾಡಿದ ಮೇಲೆ ಸಾಲಾಗಿ ಚುಕ್ಕಿಯಿಟ್ಟ ಹಾಗೆ ಕಾಣುತ್ತಿತ್ತು. ಕೆಂಪು ಗೆರೆಯದ್ದೊಂದು, ಚುಕ್ಕಿಸಾಲಿನದ್ದೊಂದು ಫೋಟೋ ತೆಗೆದು ಹಾಕಿದ್ದೇನೆ. ಈಗ ಮೇಲೆ ಮುಚ್ಚಳದಂಥ ಹೆಡ್ಡು ಕೂತಿದೆ, ಅದರ ಸುಳಿವೂ ಇಲ್ಲ. ಮುಗಿದ ಮೇಲಿನ ಒಂದೇ ಫೋಟೋ ನೋಡಿದವರು ಈ ಬ್ಲಾಕು ಜನ್ಮದಲ್ಲೇ ಬಿರಿದಿಲ್ಲ ಅಂದುಕೊಳ್ಳುತ್ತಾರೆ. ನಾಳೆ ನನ್ನ ಕಾಲಾನಂತರ ಇದನ್ನು ಕೊಳ್ಳುವವರಿಗೆ ಬೇಕಾಗಿರುವುದು ಯಾವ ಫೋಟೋ, ನೀವೇ ಯೋಚಿಸಿ.

ಬಿಚ್ಚುವಾಗಿನ ಶಿಸ್ತು ಜೋಡಿಸುವಾಗ ಸಡಿಲವಾಯಿತು. ಬ್ಯಾಬಿಟ್ ಹೊಯ್ದು ಬಂದ ರಾಡುಗಳಿಗೆ ಹೊಸ ಪಿಸ್ಟನ್ ಸಿಕ್ಕಿಸಿ, ಒಂದೊಂದಾಗಿ ಸಿಲಿಂಡರಿನ ಬೋರಿನಲ್ಲಿ ಇಳಿಸುತ್ತಿದ್ದೆವು. ಮೇಲಿಂದ ಇಳಿಸುವವನು ಹುಡುಗ, ಅದೇ ನನ್ನ ತಮ್ಮನ ಮಗ, ಕೆಳಗೆ ಕ್ಯಾಪು ಹಿಡಿದು ಕೂರುವವಳು ನಾನು. ಎರಡು ಆಗಿತ್ತು. ಮೂರನೆಯದಕ್ಕೆ ನನಗೊಂದು ಫೋನು ಬಂತು, ಎದ್ದುಹೋದೆ. ವಾಪಸು ಬರುವಷ್ಟರಲ್ಲಿ ಅವನೇ ಇಳಿಸಿ, ಕ್ಯಾಪು ಕೂರಿಸಿ, ನಡುವಿನ ತೆಳು ತಗಡಿನ ಶಿಮ್ಮುಗಳನ್ನೂ ಲೆಕ್ಕ ತಪ್ಪದೆ ಇಟ್ಟು ಬಿಗಿ ಮಾಡಿದ್ದ. ರಾಡಿಗೆ ಅದರದೇ ಕ್ಯಾಪು, ನಂಬರಿಗೆ ನಂಬರು ಎದುರುಬದುರು, ಎಲ್ಲ ಸರಿಯೇ. ಆದರೆ ಪಿಸ್ಟನ್ ಸಮೇತ ಇಡೀ ರಾಡನ್ನೇ ಅರ್ಧ ಸುತ್ತು ತಿರುಗಿಸಿ ಇಳಿಸಿದ್ದ. ಕೈಯಲ್ಲಿ ತಿರುಗಿಸಿದರೆ ಕ್ರ್ಯಾಂಕು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ತಪ್ಪು ಕೈಗೆ ಸಿಗುವಂಥದ್ದಲ್ಲ.

ಅವತ್ತು ಸಂಜೆ ಸ್ಟ್ಯಾಂಡಿನ ಮೇಲೆ ಎಂಜಿನ್ನನ್ನು ಬೋರಲು ತಿರುಗಿಸಿ, ಹೊಟ್ಟೆ ಮೇಲಾಗಿಟ್ಟಿದ್ದೆವು. ಎಣ್ಣೆಯಲ್ಲಿ ಹೊಳೆಯುವ ಕ್ರ್ಯಾಂಕು, ಸುತ್ತ ಹಸಿರು ಬಣ್ಣ. ಫೋರ್ಡಿನವರು ಹಚ್ಚುತ್ತಿದ್ದದ್ದೂ ಹಸಿರೇ. ಕೆಂಪು ಹಚ್ಚಿ ಕ್ರೋಮ್ ನಟ್ಟು ಹಾಕುವವರಿದ್ದಾರೆ, ಅವರವರ ಇಷ್ಟ, ನನಗೆ ಅದು ಮದುವೆ ಮಂಟಪ ಅನ್ನಿಸುತ್ತದೆ. ‘ಅತ್ತೆ, ಒಂದು ತೆಗೀರಿ, ಹಾಕೋಣ’ ಅಂದ ಹುಡುಗ. ತೆಗೆದೆ. ನೀವು ಅಚ್ಚು ಹಾಕಿರುವುದು ಅದೇ.

ಫೋಟೋದಲ್ಲಿ ಎಂಜಿನ್ನಿನ ಮುಂಭಾಗ ಎಡಕ್ಕಿದೆ, ಕ್ಯಾಮ್‌ಶಾಫ್ಟ್ ನಮ್ಮ ಕಡೆಗಿದೆ. ನಾಲ್ಕೂ ಸೌಟುಗಳು ನಮ್ಮತ್ತ ಬಾಯಿ ತೆರೆದು ನೋಡುತ್ತಿರಬೇಕು. 1 ಮತ್ತು 4 ಮೇಲೆ ಬಂದು ನಿಂತಿವೆ, ಬೆಳಕು ಬಿದ್ದಿದೆ, ಬಾಯಿ ಸ್ಪಷ್ಟ. 2 ಮತ್ತು 3 ಒಳಗಿನ ನೆರಳಿನಲ್ಲಿ ಪಕ್ಕಪಕ್ಕ ಕೂತಿವೆ. ಎರಡನೆಯದರ ಬಾಯಿ ಕತ್ತಲಲ್ಲಿ ಸಣ್ಣ ಕಪ್ಪು ಗುಳಿಯಂತೆ ಕಾಣುತ್ತದೆ. ಮೂರನೆಯದರಲ್ಲಿ ಗುಳಿ ಇಲ್ಲ. ನುಣ್ಣನೆಯ ಬೆನ್ನು, ಅದರ ಮೇಲೆ ಒಂದು ಹನಿ ಎಣ್ಣೆ ಮಿಂಚುತ್ತಿದೆ. ನಾನು ಹತ್ತು ಸಲ ನೋಡಿದ್ದೆ ಆ ಫೋಟೋವನ್ನು. ಆ ಹನಿ ಚೆನ್ನಾಗಿ ಬಂದಿದೆ ಅಂತ ಖುಷಿಪಟ್ಟಿದ್ದೆ ಕೂಡ!

ಹಾಕಿದ ಮೂರನೆಯ ದಿನ ಗುರುತು ಪರಿಚಯವಿಲ್ಲದವರೊಬ್ಬರು ಒಂದೇ ಸಾಲು ಬರೆದರು: ‘ಮೂರನೇ ರಾಡಿನ ಡಿಪ್ಪರ್ ಯಾವ ಕಡೆ ನೋಡ್ತಿದೆ, ಒಮ್ಮೆ ನೋಡಿ.’ ಹೊಗಳಿಕೆಯಿಲ್ಲ, ಹಂಗಿಸಿದ್ದೂ ಇಲ್ಲ. ನಾನು ಫೋಟೋ ನೋಡಲಿಲ್ಲ, ಟಾರ್ಚು ತಗೊಂಡು ಸೀದಾ ಎಂಜಿನ್ ಹತ್ತಿರ ಹೋದೆ. ಬೆರಳು ಹಾಕಿ ನೋಡಿದೆ. ಒಂದು, ಎರಡು, ನಾಲ್ಕರಲ್ಲಿ ಬೆರಳ ತುದಿ ಬಾಯಿಗೆ ಸಿಕ್ಕಿತು. ಮೂರರಲ್ಲಿ ಜಾರಿತು.

ಹೆಡ್ಡು ಇನ್ನೂ ಹಾಕಿರಲಿಲ್ಲ, ಅದೊಂದು ಪುಣ್ಯ. ಕ್ಯಾಪು ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಳ್ಳಿ, ತಿರುಗಿಸಿ, ಮತ್ತೆ ಇಳಿಸಿ ಬಿಗಿ ಮಾಡಲು ಒಂದು ಸಂಜೆ ಹಿಡಿಯಿತು. ಹುಡುಗ ಒಂದು ಮಾತೂ ಆಡಲಿಲ್ಲ. ಎಲ್ಲ ಮುಗಿದ ಮೇಲೆ ‘ಅತ್ತೆ, ಆ ಫೋಟೋ ಡಿಲೀಟ್ ಮಾಡ್ಬಿಡಿ’ ಅಂದ. ನಾಚಿಕೆ ಅವನಿಗೆ. ನಾನು ಮಾಡಲಿಲ್ಲ.

ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಡ್ರಾಯಿಂಗ್ ಆಫೀಸಿನಲ್ಲಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಅಂತ ಒಂದು ಚೌಕ ಇರುತ್ತದೆ. ಭಾಗದ ಹೆಸರು, ಅಳತೆಯ ಪ್ರಮಾಣ, ಎಳೆದವರು, ನೋಡಿದವರು, ತಾರೀಖು, ಎಷ್ಟನೆಯ ತಿದ್ದುಪಡಿ. ಗೆರೆಗಳು ಎಷ್ಟೇ ಸುಂದರವಾಗಿರಲಿ, ಆ ಚೌಕವಿಲ್ಲದ ಹಾಳೆಗೆ ನಮ್ಮಲ್ಲಿ ಬೆಲೆಯಿಲ್ಲ. ಒಮ್ಮೆ ಹೊರಗೆ ಹೋದ ಡ್ರಾಯಿಂಗಿನಲ್ಲಿ ತಪ್ಪು ಸಿಕ್ಕಿದರೆ ಗುಟ್ಟಾಗಿ ಬ್ಲೇಡಿನಿಂದ ಕೆರೆದು ಸರಿಮಾಡುವ ಹಾಗಿಲ್ಲ. ತಿದ್ದಿದ ಜಾಗಕ್ಕೆ ಗುರುತು, ಮೂಲೆಯಲ್ಲಿ ತಿದ್ದುಪಡಿಯ ಅಕ್ಷರ, ತಾರೀಖು, ಸಹಿ. ಹೊಸ ಪ್ರಿಂಟು ಕಳಿಸಿ, ಹಳೆಯದನ್ನು ವಾಪಸು ತರಿಸಿ ‘ರದ್ದು’ ಅಂತ ಮೊಹರು ಒತ್ತಬೇಕು. ನಮ್ಮೆಲ್ಲರ ಕೆಟ್ಟ ಕನಸು ಒಂದೇ. ವರ್ಕ್‌ಶಾಪಿನ ಯಾವುದೋ ಮೂಲೆಯ ಗೋಡೆಗೆ ಹಳೆಯ ಪ್ರಿಂಟು ಇನ್ನೂ ಅಂಟಿಕೊಂಡಿರುವುದು, ಯಾರೋ ಅದನ್ನು ನೋಡಿಕೊಂಡು ಲೋಹ ಕೊಯ್ಯುತ್ತಿರುವುದು. ಅಂಥ ಎರಡು ಪ್ರಸಂಗ ನಾನೇ ಕಂಡಿದ್ದೇನೆ. ಅಮೋನಿಯಾ ಪ್ರಿಂಟಿನ ವಾಸನೆ ಬಂದರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ.

ಹಾಗಾಗಿ ಫೋಟೋ ಉಳಿಸಿಕೊಂಡೆ. ಮೂರನೆಯ ಸೌಟಿಗೆ ಕೆಂಪು ಸುತ್ತು ಹಾಕಿ, ತಿದ್ದಿದ ಮೇಲಿನ ಫೋಟೋ ಪಕ್ಕದಲ್ಲಿಟ್ಟು, ಏನಾಗಿತ್ತು, ಹೇಗೆ ಗೊತ್ತಾಯಿತು, ಯಾವತ್ತು ಸರಿಮಾಡಿದೆವು ಅಂತ ಬರೆದೆ. ಸುತ್ತು ಹಾಕದ ಮೊದಲನೆಯದರ ಕೆಳಗೂ ‘ಇದರಲ್ಲಿ ತಪ್ಪಿದೆ, ಮುಂದಿನ ಚಿತ್ರ ನೋಡಿ’ ಅಂತ ಸೇರಿಸಿದೆ. ನನ್ನ ಲೆಕ್ಕದಲ್ಲಿ ‘ರದ್ದು’ ಮೊಹರು ಒತ್ತಿದ್ದಾಗಿತ್ತು.

ಆದರೆ ಜಾಲತಾಣದಲ್ಲಿ ಹಳೆಯ ಪ್ರಿಂಟು ವಾಪಸು ತರಿಸುವ ಗುಮಾಸ್ತನಿಲ್ಲ. ತಿದ್ದಿದ ಜೋಡಿ ಫೋಟೋ ಇದ್ದಲ್ಲೇ ಇದೆ. ತಪ್ಪಿನ ಫೋಟೋ, ಬರಹ ಕಳಚಿಕೊಂಡು, ಊರೂರು ತಿರುಗುತ್ತಿದೆ. ಮೊದಲು ಯಾರೋ ಅದರ ಮೇಲೆ ಶುಭೋದಯ ಅಂತ ಬರೆದು ಕಳಿಸಿದರು. ಆಮೇಲೆ ‘ಮಾರಾಟಕ್ಕಿದೆ, ಪೂರ್ತಿ ಓವರ್‌ಹಾಲ್ ಆದ ಎಂಜಿನ್’ ಎಂಬ ಜಾಹೀರಾತಿನಲ್ಲಿ ಅದೇ ಫೋಟೋ. ನನ್ನ ಎಂಜಿನ್ ನನ್ನ ಕಣ್ಣೆದುರೇ ಸ್ಟ್ಯಾಂಡಿನ ಮೇಲೆ ಕೂತಿತ್ತು! ಕೇಳಿದ್ದಕ್ಕೆ ಜಾಹೀರಾತು ಮಾಯವಾಯಿತು, ಉತ್ತರ ಬರಲಿಲ್ಲ. ಬಹುಶಃ ಬೇರೆ ಹೆಸರಿನಲ್ಲಿ ಇನ್ನೆಲ್ಲೋ ಎದ್ದಿರುತ್ತದೆ. ಅದಾದ ಮೇಲೆ ಎಂಜಿನ್ ಇಡೀ ಕಾಣುವ ಫೋಟೋಗಳಲ್ಲಿ ಒಂದು ಚೀಟಿಯ ಮೇಲೆ ತಾರೀಖು ಬರೆದು ಬ್ಲಾಕಿಗೆ ಒರಗಿಸಿಟ್ಟೇ ತೆಗೆಯುತ್ತೇನೆ. ಮಾಡೆಲ್ ಎ ಬ್ಲಾಕಿನ ಎಡಮೈಯಲ್ಲಿ, ನೀರು ಒಳಹೋಗುವ ಬಾಯಿಯ ಮೇಲಿನ ಮಟ್ಟಸ ಜಾಗದಲ್ಲಿ ಎರಡು ನಕ್ಷತ್ರಗಳ ನಡುವೆ ಎಂಜಿನ್ ನಂಬರು ಒತ್ತಿರುತ್ತಾರೆ, ಅದನ್ನು ಬೆರಳಿಂದ ಮುಚ್ಚುತ್ತೇನೆ. ಚಾಸಿಯ ಮೇಲೂ ಅದೇ ನಂಬರು ಇರುವುದರಿಂದ ಕಾರಿನ ಗುರುತೇ ಅದು. ಇನ್ನೊಂದು ವಿಷಯ ಹುಡುಗ ತೋರಿಸಿಕೊಟ್ಟದ್ದು. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಮೂಲ ಫೋಟೋದ ಫೈಲಿನೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೂತಿರುತ್ತದಂತೆ. ಹಳೆ ಕಾರು ಇಟ್ಟುಕೊಂಡ ಒಂಟಿ ಮುದುಕಿ ತನ್ನ ವಿಳಾಸವನ್ನೂ ಲಗತ್ತಿಸಿ ಕಳಿಸಬೇಕೆ? ಆಫ್ ಮಾಡಿಸಿದ್ದೇನೆ.

ಇದೆಲ್ಲ ಆದ ಮೇಲೆ ಬಂತು ನಿಮ್ಮ ಪುರವಣಿ.

ಎಂಜಿನ್ ತಲೆಕೆಳಗಾಗಿ ಕಂಡದ್ದರಿಂದ, ಫೋಟೋ ಉಲ್ಟಾ ಇದೆ ಅಂದುಕೊಂಡು ಸರಿಮಾಡಲು ಹೋಗಿ ತಿರುಗಿಸಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ, ಗೊತ್ತು. ನನ್ನ ತಮ್ಮನ ಮಗ ರಾಡು ಇಳಿಸಿದ್ದೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ಕ್ಯಾಪುಗಳಿಗೆ ಕಟ್ಟಿದ್ದ ನನ್ನ ಚೀಟಿಗಳು ಈಗ ನಿಮ್ಮ ಚಿತ್ರದಲ್ಲಿ ಗಾಳಿಪಟದ ಬಾಲದ ಹಾಗೆ ಮೇಲಕ್ಕೆ ನೆಟ್ಟಗೆ ನಿಂತಿವೆ, ನಂಬರುಗಳು ಉಲ್ಟಾ. ಚೀಟಿ ಆಕಾಶದತ್ತ ನೇತಾಡುವುದನ್ನು ಪುಟ ಜೋಡಿಸಿದವರಾದರೂ ನೋಡಬಹುದಿತ್ತು. ನೋಡಲಿಲ್ಲ ಅಂತ ಬೈಯುವ ಅಧಿಕಾರ ನನಗಿಲ್ಲ. ಎಣ್ಣೆ ಹನಿ ನೋಡಿ ಮೈಮರೆತವಳು ನಾನು.

ನಿಮ್ಮ ಲೇಖನ ನೋಡಿ ಹಳೆಯ ಎಂಜಿನ್ ಬಿಚ್ಚಲು ಹೊರಡುವವರು ಇದ್ದೇ ಇರುತ್ತಾರೆ. ಅವರಿಗೆ ಮಿರುಗುವ ಒಂದು ಚಿತ್ರದ ಬದಲು, ಅದೇ ಜಾಗದ ಮೂರು ಕೊಡಿ: ಬಿಚ್ಚುವ ಮೊದಲಿನದು, ಬಿಚ್ಚಿದಾಗಿನದು, ಜೋಡಿಸಿದ ಮೇಲಿನದು. ಕೆಳಗೆ ಯಾವ ಎಂಜಿನ್, ಯಾವ ಕಡೆಯಿಂದ ತೆಗೆದದ್ದು, ಯಾವಾಗ, ಏನೇನು ಹೊಸದು, ಏನು ಹಳೆಯದೇ ಉಳಿದಿದೆ ಅಂತ ಎರಡು ಸಾಲು ಇರಲಿ. ಬರಹ ಕಳಚಿಹೋಗುತ್ತದೆ ಅನ್ನುವುದು ಗೊತ್ತಾದ ಮೇಲೆ ನಾನು ಆ ಎರಡು ಸಾಲನ್ನು ಚೀಟಿಯಲ್ಲಿ ಬರೆದು ಫೋಟೋದ ಒಳಗೇ ಇಡುತ್ತಿದ್ದೇನೆ, ಕೆಳಗಡೆ ಬಲಮೂಲೆಯಲ್ಲಿ. ಹುಡುಗನಿಗೆ ಅದು ಚೆಂದ ಕಾಣುವುದಿಲ್ಲವಂತೆ.

ಫೋಟೋಕ್ಕೆ ಸಿಗದ ಸಂಗತಿಗಳೂ ಇವೆ, ಅವನ್ನು ಬರೆದೇ ಹೇಳಬೇಕು. ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಗೊತ್ತುಮಾಡುವುದು, ಅಂದರೆ ಟೈಮಿಂಗ್ ಕೂರಿಸುವುದು, ಅಂಥದ್ದು. ಮುಂದಿನ ಕವರಿನಲ್ಲಿ ಒಂದು ಪಿನ್ನು ಇದೆ. ಅದನ್ನು ಬಿಚ್ಚಿ ಹಿಂದುಮುಂದು ಮಾಡಿ ಅದೇ ತೂತಿಗೆ ಹಾಕಿ, ಬೆರಳಿನಿಂದ ಒತ್ತಿಕೊಂಡೇ, ಇನ್ನೊಬ್ಬರಿಂದ ಹ್ಯಾಂಡಲ್ ನಿಧಾನ ತಿರುಗಿಸಬೇಕು. ಒಳಗೆ ಕ್ಯಾಮ್ ಗೇರಿನ ಮುಖದಲ್ಲೊಂದು ಸಣ್ಣ ಗುಳಿಯಿದೆ. ಅದು ಎದುರು ಬಂದಾಗ ಪಿನ್ನು ಟುಕ್ ಅಂತ ಒಳಗೆ ಕೂರುತ್ತದೆ. ಮೊದಲನೆಯ ಪಿಸ್ಟನ್ ಮೇಲೆ ಬಂದು ನಿಂತಿತು ಅಂತ ಅರ್ಥ. ನನಗೆ ಆ ಟುಕ್ ಸಿಗಲು ಏಳು ಸಲ ಸುತ್ತಿಸಬೇಕಾಯಿತು. ಆರನೆಯ ಸಲ ಸಿಕ್ಕಿತ್ತು, ಕೈ ನಡುಗಿ ಬಿಟ್ಟುಬಿಟ್ಟೆ. ಅದರ ಫೋಟೋ ತೆಗೆದರೆ ಕಾಣುವುದು ಹಸಿರು ಕವರಿನ ಮೇಲೆ ಒಂದು ಹೆಬ್ಬೆರಳು ಮಾತ್ರ.

ಎಂಜಿನ್ ಈಗ ಓಡುತ್ತದೆ. ಮೊದಲ ಸಲ ಶುರುವಾದಾಗ ಹೊಗೆ ಕಾರಿತು, ಆಮೇಲೆ ತಾನೇ ಸರಿಹೋಯಿತು.

ನಾನು ಈ ಪತ್ರ ಬರೆಯಲು ಕೂತದ್ದಕ್ಕೆ ಅಸಲು ಕಾರಣ ಹೇಳಿ ಮುಗಿಸುತ್ತೇನೆ. ಸೋಮವಾರ ಒಂದು ಗ್ಯಾಸ್ಕೆಟ್ ವಿಷಯಕ್ಕೆ ಮೇಸ್ತ್ರಿಯ ಶೆಡ್ಡಿಗೆ ಹೋಗಿದ್ದೆ. ಅವನ ಬಳಿ ಕೆಲಸ ಕಲಿಯುವ ಹುಡುಗನೊಬ್ಬನಿದ್ದಾನೆ, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ‘ಅಮ್ಮಾ, ನಿಮ್ ಎಂಜಿನ್ ಪೇಪರಲ್ ಬಂದಿದೆ!’ ಅಂತ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ. ವೈಸ್ ಇರುವ ಬೆಂಚಿನ ಮೇಲಿನ ಗೋಡೆಗೆ, ಗ್ರೀಸು ತಗಲದ ಎತ್ತರದಲ್ಲಿ, ನಿಮ್ಮ ಪುಟವನ್ನು ನೀಟಾಗಿ ಕತ್ತರಿಸಿ ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದಾನೆ. ಇನ್ನೊಬ್ಬರ ಮಾಡೆಲ್ ಎ ಒಂದು ಕೆಲಸಕ್ಕೆ ಬಂದಿದೆಯಂತೆ, ‘ನಾನು ಇದನ್ನ ನೋಡ್ಕೊಂಡೇ ಜೋಡ್ಸೋದು’ ಅಂದ. ಮೂವತ್ತು ವರ್ಷ ಹೆದರಿದ ಕನಸು ಗೋಡೆಯ ಮೇಲೆ ಕಣ್ಣೆದುರೇ ಅಂಟಿತ್ತು. ಚೀಲದಿಂದ ಕೆಂಪು ಪೆನ್ನು ತೆಗೆದು ಮೂರನೆಯದಕ್ಕೆ ಸುತ್ತು ಹಾಕಿದೆ. ಹುಡುಗನ ಮುಖ ಸಣ್ಣದಾಯಿತು. ಬೆಂಚಿನ ಮೇಲಿದ್ದ ಬಿಡಿ ರಾಡನ್ನು ಕೈಗೆ ಕೊಟ್ಟು, ಸೌಟು ಯಾವ ಕಡೆ ಹೋಗುತ್ತದೆ, ಬಾಯಿ ಯಾವ ಕಡೆ ಇರಬೇಕು ಹೇಳು ನೋಡೋಣ ಅಂದೆ. ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿ ಸರಿಯಾಗಿ ಹೇಳಿದ.

ಆ ಗೋಡೆಗೆ ನಾನು ಹೋಗಿಬಂದೆ. ಇನ್ನೆಷ್ಟು ಗೋಡೆಗಳಿವೆಯೋ, ಅಲ್ಲಿಗೆ ಹೋಗಬಲ್ಲದ್ದು ನಿಮ್ಮ ಪತ್ರಿಕೆ ಮಾತ್ರ. ದಯವಿಟ್ಟು ಮುಂದಿನ ಭಾನುವಾರ, ಅದೇ ಪುಟದಲ್ಲಿ, ಒಂದು ತಿದ್ದುಪಡಿ ಹಾಕಿ. ತಿದ್ದಿದ ಮೇಲಿನ ಫೋಟೋವನ್ನು ಇದರ ಜೊತೆ ಕಳಿಸಿದ್ದೇನೆ, ಚೀಟಿ ಸಮೇತ. ಅದನ್ನು ತಿರುಗಿಸಬೇಡಿ, ಎಂಜಿನ್ ಬೋರಲಾಗಿರುವುದೇ ಸರಿ.

ತಿದ್ದುಪಡಿಯಲ್ಲಿ ‘ಎಡದಿಂದ ಮೂರನೆಯದು’ ಎಂದು ಬರೆದುಬಿಟ್ಟೀರಿ. ನನ್ನ ಫೋಟೋದಲ್ಲಿ ಹಾಗೆ. ನೀವು ಅಚ್ಚು ಹಾಕಿದ್ದರಲ್ಲಿ ಅದು ಬಲದಿಂದ ಮೂರನೆಯದು.

ಇತಿ,
ನಿವೃತ್ತ ಟ್ರೇಸರ್
(ಹೆಸರು, ವಿಳಾಸ ನಿಮ್ಮ ಕಡತಕ್ಕೆ ಮಾತ್ರ)